ಬಾಡಿಗೆಯ ಎದುರಾಳಿ

"ಗುರುಗಳೇ, ದೊಡ್ಡವರ ಮನಸ್ಸು ನೋಯಬಾರದು ಅಂತ ನಿಜವನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

"ಎಷ್ಟು ಮೆತ್ತಗೆ?" ಅಂದರು ಗುರುಗಳು.

"ಅನ್ನದಷ್ಟು."

"ಅನ್ನ ಒಲೆ ಮೇಲೇ ಇದ್ದರೆ ಗಂಜಿಯಾಗುತ್ತದೆ. ಕೂತುಕೋ."

ಶಿಷ್ಯ ಕೂತ. ಗುರುಗಳು ಕತೆ ಶುರು ಮಾಡಿದರು.

ಅಮೆರಿಕದಲ್ಲಿ ಒಬ್ಬ ಅಧ್ಯಕ್ಷ ಇದ್ದ. ನಾಲ್ಕು ವರ್ಷ ಆಳಿದ್ದ. ಇನ್ನೂ ನಾಲ್ಕು ವರ್ಷ ಆಳಬೇಕು ಅಂತ ಮತ್ತೆ ಚುನಾವಣೆಗೆ ನಿಂತ. ಆ ದೇಶದಲ್ಲಿ ಎರಡು ಸಲ ಗೆದ್ದವನು ಮತ್ತೆ ನಿಲ್ಲೋ ಹಾಗಿಲ್ಲ. ಹಾಗಾಗಿ ಎರಡನೇ ಸಲದ ಆಸೆ ಮೊದಲನೇ ಸಲದ್ದಕ್ಕಿಂತ ಜಾಸ್ತಿ.

ಅಲ್ಲೊಂದು ಪದ್ಧತಿ ಇದೆ. ಮತದಾನಕ್ಕೆ ಮುಂಚೆ ಇಬ್ಬರು ಅಭ್ಯರ್ಥಿಗಳೂ ಒಂದೇ ವೇದಿಕೆ ಮೇಲೆ ನಿಂತು ವಾದ ಮಾಡಬೇಕು. ಇಡೀ ದೇಶ ಟಿ.ವಿ. ಮುಂದೆ ಕೂತು ನೋಡುತ್ತದೆ. ಯಾರು ತಡವರಿಸಿದರು, ಯಾರಿಗೆ ಬೆವರು ಬಂತು ಅಂತ ಮಾರನೇ ದಿನ ಊರೂರಲ್ಲಿ ಅದೇ ಮಾತು. ಅದಕ್ಕೇ ಅಭ್ಯರ್ಥಿಗಳು ಮೊದಲು ಮನೆಯಲ್ಲಿ ಅಭ್ಯಾಸ ಮಾಡುತ್ತಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದೇ ಅಳತೆಯ ವೇದಿಕೆ, ಅದೇ ದೀಪ, ಅದೇ ಮೈಕು. ಎದುರಾಳಿ ಮಾತ್ರ ಬರುವುದಿಲ್ಲ. ಅವನ ಜಾಗದಲ್ಲಿ ತಮ್ಮವನೊಬ್ಬನನ್ನೇ ನಿಲ್ಲಿಸುತ್ತಾರೆ. ಅವನು ಎದುರಾಳಿಯ ಹಾಗೇ ನಿಲ್ಲಬೇಕು, ಎದುರಾಳಿಯ ಹಾಗೇ ಕೆಮ್ಮಬೇಕು, ಎದುರಾಳಿಯ ಹಾಗೇ ಚುಚ್ಚಬೇಕು.

ಈ ಅಧ್ಯಕ್ಷನ ಹತ್ತಿರ ಆರು ಜನ ಸಲಹೆಗಾರರಿದ್ದರು. ಒಬ್ಬ ಅಂಕಿ ಅಂಶ ನೋಡುವವನು, ಒಬ್ಬ ಭಾಷಣ ಬರೆಯುವವನು, ಒಬ್ಬ ಟೈ ಬಣ್ಣ ನೋಡುವವನು, ಹೀಗೆ. ಅವರೆಲ್ಲರ ಮೇಲೆ ಇನ್ನೊಬ್ಬ ಹಿರಿಯನಿದ್ದ, ಅವನನ್ನು ತಂತ್ರಗಾರ ಅಂತ ಕರೆಯೋಣ. ಇಪ್ಪತ್ತು ವರ್ಷದಿಂದ ಅಧ್ಯಕ್ಷನ ಜೊತೆಗಿದ್ದವನು. ಅಧ್ಯಕ್ಷ ಬರೀ ಒಂದು ಊರಿನ ಮೇಯರ್ ಆಗಿದ್ದಾಗ, "ಸಾರ್, ಇವತ್ತಿನ ಭಾಷಣಕ್ಕೆ ಮುಂದಿನ ಸಾಲಿನವರೇ ನಿದ್ದೆ ಹೋದರು" ಅಂತ ಮುಖದ ಮೇಲೇ ಹೇಳುತ್ತಿದ್ದ. ಆಗ ಅಧ್ಯಕ್ಷ ನಗುತ್ತಿದ್ದ. ಈಗ ಅಧ್ಯಕ್ಷ ರೂಮಿನೊಳಗೆ ಬಂದರೆ ಎಲ್ಲರೂ ಎದ್ದು ನಿಲ್ಲಬೇಕು. ಎದ್ದು ನಿಂತವನಿಗೆ ಅಂಥ ಮಾತು ಬಾಯಿಗೆ ಬರುವುದು ಕಷ್ಟ.

ಆ ಸಲದ ಚುನಾವಣೆ ಒಂದೇ ಒಂದು ರಾಜ್ಯದ ಮೇಲೆ ನಿಂತಿತ್ತು. ಉಳಿದ ಕಡೆ ಲೆಕ್ಕ ಸಮಸಮ. ಆ ರಾಜ್ಯದಲ್ಲೊಂದು ದೊಡ್ಡ ನದಿ. ಅದಕ್ಕೆ ಸೇತುವೆ ಕಟ್ಟಿಸುತ್ತೇನೆ ಅಂತ ಅಧ್ಯಕ್ಷ ಹಿಂದಿನ ಸಲ ಮಾತು ಕೊಟ್ಟಿದ್ದ. ಹೆಲ್ಮೆಟ್ ಹಾಕಿಕೊಂಡು ಅಡಿಗಲ್ಲು ಇಟ್ಟು ಫೋಟೋ ತೆಗೆಸಿಕೊಂಡಿದ್ದ. ಸೇತುವೆ ನದಿಯ ಮಧ್ಯದವರೆಗೆ ಬಂದು ನಿಂತುಬಿಟ್ಟಿತ್ತು. ಜನ ಕೆಲಸಕ್ಕೆ, ಆಸ್ಪತ್ರೆಗೆ ನಲವತ್ತು ಮೈಲಿ ಸುತ್ತಿಕೊಂಡು ಹೋಗುತ್ತಿದ್ದರು. ಎದುರಾಳಿ ಇದನ್ನು ಕೇಳೇ ಕೇಳುತ್ತಾನೆ ಅಂತ ತಂತ್ರಗಾರನಿಗೆ ಗೊತ್ತಿತ್ತು. ಇದಕ್ಕೆ ಅಧ್ಯಕ್ಷ ಸರಿಯಾಗಿ ಉತ್ತರ ಕೊಟ್ಟರೆ ಗೆಲುವು. ತಡವರಿಸಿದರೆ ಮನೆಗೆ.

ಎದುರಾಳಿಯ ಪಾತ್ರಕ್ಕೆ ಒಬ್ಬ ವಕೀಲನನ್ನು ಗೊತ್ತು ಮಾಡಿದರು. ಅವನು ತುಂಬ ನಿಷ್ಠಾವಂತ. ಎರಡು ತಿಂಗಳು ಎದುರಾಳಿಯ ವಿಡಿಯೋ ನೋಡಿ ಅವನ ಹಾಗೇ ಆಗಿಬಿಟ್ಟಿದ್ದ. ಎದುರಾಳಿಗೆ ಒಂದು ಅಭ್ಯಾಸ ಇತ್ತು. ಗಟ್ಟಿ ಪ್ರಶ್ನೆ ಕೇಳುವ ಮುಂಚೆ ಗ್ಲಾಸು ತೆಗೆದು ನಿಧಾನವಾಗಿ ನೀರು ಕುಡಿಯುತ್ತಿದ್ದ. ವಕೀಲ ಅದನ್ನೂ ಕಲಿತ. ಮನೆಯಲ್ಲಿ ಹೆಂಡತಿಗೆ ಉಪ್ಪು ಕೇಳುವ ಮುಂಚೆಯೂ ನೀರು ಕುಡಿಯುತ್ತಿದ್ದನಂತೆ.

ವಾದಕ್ಕೆ ಎಂಟು ದಿನ ಇದ್ದಾಗ ಅಭ್ಯಾಸ ಶುರುವಾಯಿತು.

ಮೊದಲ ದಿನ ವಕೀಲ ನೀರು ಕುಡಿದ, ಗ್ಲಾಸು ಇಟ್ಟ. "ಸೇತುವೆ ಎಲ್ಲಿ?" ಅಂದ.

ಅಧ್ಯಕ್ಷ ನಾಲ್ಕು ನಿಮಿಷ ನದಿಗಳ ಮಹತ್ವದ ಬಗ್ಗೆ ಮಾತಾಡಿದ.

"ನಾನು ನದಿ ಕೇಳಲಿಲ್ಲ. ನದಿ ಅಲ್ಲೇ ಇದೆ, ದಿನಾ ನೋಡ್ತೀವಿ. ಸೇತುವೆ ಕೇಳಿದೆ," ಅಂದ ವಕೀಲ.

ಅಧ್ಯಕ್ಷನ ಕಿವಿ ಕೆಂಪಾಯಿತು. ಅಂಗಿಯ ಮೈಕು ಕಿತ್ತು ಮೇಜಿನ ಮೇಲೆ ಎಸೆದ. "ಯಾರ್ರೀ ಇವನನ್ನ ಕರೆಸಿದ್ದು? ಇವನು ನಮ್ಮವನೋ, ಅವರವನೋ?" ಅಂತ ಕೂಗಿ ಹೊರಟುಹೋದ. ಅವತ್ತು ಊಟ ಮಾಡಲಿಲ್ಲ.

ಆರು ಜನ ಸಲಹೆಗಾರರೂ ತಂತ್ರಗಾರನೂ ಕಾರಿಡಾರಿನಲ್ಲೇ ನಿಂತು ಸಭೆ ಮಾಡಿದರು. "ಮನಸ್ಸು ಮುರಿದರೆ ಕಷ್ಟ," ಅಂದ ಒಬ್ಬ. "ಧೈರ್ಯ ಮುಖ್ಯ," ಅಂದ ಇನ್ನೊಬ್ಬ. "ಕೆಂಪು ಕಿವಿಗೆ ಯಾವ ಟೈಯೂ ಹೊಂದೋದಿಲ್ಲ," ಅಂದ ಟೈ ನೋಡುವವನು. ಎಲ್ಲರೂ ತಂತ್ರಗಾರನ ಮುಖ ನೋಡಿದರು.

ತಂತ್ರಗಾರ ಯೋಚನೆ ಮಾಡಿ, "ನಾಳೆ ಒಂದು ದಿನ ಆ ಪ್ರಶ್ನೆ ಬೇಡ. ನಾಡಿದ್ದು ಕೇಳೋಣ," ಅಂದ.

ಎರಡನೇ ದಿನ ವಕೀಲ ಸೇತುವೆ ಕೇಳಲಿಲ್ಲ. ಅಧ್ಯಕ್ಷ ಊಟ ಮಾಡಿದ. ಆ ಊಟ ನೋಡಿ ಎಲ್ಲರಿಗೂ ಎಷ್ಟು ಸಮಾಧಾನ ಆಯಿತೆಂದರೆ, ಮೂರನೇ ದಿನವೂ ಅದನ್ನು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ನಾಲ್ಕನೇ ದಿನ ಆಸ್ಪತ್ರೆಯ ಪ್ರಶ್ನೆಯೂ ಪಟ್ಟಿಯಿಂದ ಹೋಯಿತು. ಐದನೇ ದಿನ ತೆರಿಗೆಯ ಪ್ರಶ್ನೆ ಹೋಯಿತು. ತಂತ್ರಗಾರ ಮಾತ್ರ ಸೇತುವೆಯ ಪ್ರಶ್ನೆಯನ್ನೂ ಅದಕ್ಕೆ ಕೊಡಬೇಕಾದ ಉತ್ತರವನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದ. ಉತ್ತರ ದೊಡ್ಡದೇನಲ್ಲ. 'ತಪ್ಪು ನನ್ನದು, ಎರಡು ವರ್ಷದಲ್ಲಿ ಮುಗಿಸುತ್ತೇನೆ, ದಾರಿ ಹೀಗೆ' ಅಂತ ಮೂರು ಸಾಲು. ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಚೀಟಿಯ ಅಂಚು ಮೆತ್ತಗಾಗಿತ್ತು.

ವಕೀಲ ಅವನನ್ನು ಪಕ್ಕಕ್ಕೆ ಕರೆದು ಕೇಳಿದ. "ಸ್ವಾಮಿ, ನನ್ನನ್ನ ಕರೆಸಿದ್ದು ಸೋಲಿಸೋಕೋ ಸೋಲೋಕೋ?"

"ಇವತ್ತು ಸೋಲಪ್ಪ. ನಾಳೆ ನೋಡೋಣ."

ಪಾಪ, ವಕೀಲ ಸೋತ. ಆದರೆ ಕಲಿತ ಅಭ್ಯಾಸ ಬಿಡಲಿಲ್ಲ. ಗಟ್ಟಿ ಪ್ರಶ್ನೆ ಬರಬೇಕಾದ ಜಾಗದಲ್ಲೆಲ್ಲ ನೀರು ಕುಡಿದ. ಪ್ರಶ್ನೆ ಇಲ್ಲ, ಬರೀ ನೀರು. ಒಂದು ಗಂಟೆಯಲ್ಲಿ ಹನ್ನೊಂದು ಗ್ಲಾಸು. ಮಧ್ಯದಲ್ಲಿ ತಡೆಯಲಾರದೆ, "ಕ್ಷಮಿಸಿ" ಅಂತ ಹೊರಗೆ ಓಡಿದ. ಆರನೇ ದಿನವೂ ಓಡಿದ, ಏಳನೇ ದಿನವೂ ಓಡಿದ.

ಅಧ್ಯಕ್ಷನಿಗೆ ಬಹಳ ಖುಷಿ. "ನೋಡಿದ್ರಾ? ಗ್ಲಾಸು ಎತ್ತಿದ ಅಂದ್ರೆ ಮುಗೀತು, ಇನ್ನು ಓಡ್ತಾನೆ!" ಅಂತ ಚಪ್ಪಾಳೆ ತಟ್ಟಿದ. ಆರೂ ಜನ ಚಪ್ಪಾಳೆ ತಟ್ಟಿದರು. ವಕೀಲ ವಾಪಸು ಬಂದಾಗ ಅಧ್ಯಕ್ಷ ಅವನ ಬೆನ್ನು ತಟ್ಟಿ, ವಾದ ಮಾಡುವುದು ಹೇಗೆ ಅಂತ ನಾಲ್ಕು ಮಾತು ಹೇಳಿಕೊಟ್ಟ.

ಎಂಟನೇ ದಿನ ತಂತ್ರಗಾರ ಬೆರಳು ಮಡಿಸಿ ಲೆಕ್ಕ ಹಾಕಿದ. ಇನ್ನು ಒಂದೇ ದಿನ. ಹೇಳಿದರೆ ಅಧ್ಯಕ್ಷ ಮತ್ತೆ ಮೈಕು ಎಸೆಯಬಹುದು, ಊಟ ಬಿಡಬಹುದು, ವೇದಿಕೆಗೆ ಕುಗ್ಗಿ ಹೋಗಬಹುದು. ಹೇಳದಿದ್ದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಅದನ್ನು ಯೋಚನೆ ಮಾಡಲೇ ಇಲ್ಲ. ಮೂರು ಸಲ ಅಧ್ಯಕ್ಷನ ಬಾಗಿಲವರೆಗೆ ಹೋಗಿ ವಾಪಸು ಬಂದ. ನಾಲ್ಕನೇ ಸಲ ಒಳಗಿನಿಂದ ಅಧ್ಯಕ್ಷನೇ ಬಾಗಿಲು ತೆಗೆದ.

"ಬಾ, ಬಾ. ನಿನ್ನನ್ನೇ ಹುಡುಕ್ತಿದ್ದೆ," ಅಂದ.

ಅಧ್ಯಕ್ಷ ತಿಂಗಳಲ್ಲಿ ಮೊದಲ ಸಲ ಏನೋ ಹಾಡು ಗುನುಗುತ್ತಿದ್ದ. ಮುಖದಲ್ಲಿ ಬಣ್ಣ ಬಂದಿತ್ತು. ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದ. "ಅವರೆಲ್ಲ ಹೊಗಳ್ತಾರಪ್ಪ. ನನಗೆ ನಂಬಿಕೆ ಇಲ್ಲ. ನೀನು ಇಪ್ಪತ್ತು ವರ್ಷದವನು. ನಿಜ ಹೇಳು, ಎಲ್ಲಾದರೂ ಕೊರತೆ ಇದೆಯಾ?"

ತಂತ್ರಗಾರನ ಕೈ ಜೇಬಿನಲ್ಲಿತ್ತು. ಬೆರಳಿಗೆ ಚೀಟಿ ಸಿಕ್ಕಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಅಧ್ಯಕ್ಷನ ಮುಖ ನೋಡಿದ. ಇಷ್ಟು ಗೆಲುವಾಗಿದ್ದಾರೆ, ಪಾಪ, ಅನ್ನಿಸಿತು.

"ಒಂದಿದೆ ಸಾರ್," ಅಂದ.

"ಹೇಳು."

"ಟೈ ಸ್ವಲ್ಪ ಎಡಕ್ಕೆ ವಾಲುತ್ತೆ."

ಅಧ್ಯಕ್ಷ ಕನ್ನಡಿ ಮುಂದೆ ನಿಂತು ಟೈ ಸರಿಮಾಡಿಕೊಂಡ. ವಾಪಸು ಬಂದು ತಂತ್ರಗಾರನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು. "ನೀನೊಬ್ಬ ಇಲ್ಲದಿದ್ದರೆ ಇಂಥದ್ದನ್ನ ನನಗೆ ಯಾರು ಹೇಳ್ತಿದ್ರು?" ಅಂದ.

ವಾದದ ದಿನ ಬಂತು. ತಂತ್ರಗಾರ ಪರದೆಯ ಹಿಂದೆ ನಿಂತಿದ್ದ. ಮೊದಲ ಇಪ್ಪತ್ತು ನಿಮಿಷ ಎಲ್ಲ ಸರಿ ಹೋಯಿತು. ಇವತ್ತು ಕೇಳುವುದಿಲ್ಲವೇನೋ, ಮರೆತಿದ್ದಾನೇನೋ, ದೇವರೇ, ಮರೆತಿರಲಿ ಅಂದುಕೊಂಡ.

ಆಗ ಎದುರಾಳಿ ಗ್ಲಾಸು ಎತ್ತಿದ.

ಅಧ್ಯಕ್ಷ ಮುಗುಳ್ನಕ್ಕ. ಕೈ ಕಟ್ಟಿಕೊಂಡು, ಪಕ್ಕದ ಬಾಗಿಲಿನ ಕಡೆ ನೋಡಿದ. ಎದುರಾಳಿ ಈಗ ಓಡುತ್ತಾನೆ ಅಂತ ಕಾದ. ಸಭೆಯಲ್ಲಿ ಕೂತಿದ್ದ ಜನವೂ ಏನಿರಬಹುದು ಅಂತ ಆ ಬಾಗಿಲು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಎದುರಾಳಿ ನಿಧಾನವಾಗಿ ನೀರು ಕುಡಿದ, ಗ್ಲಾಸು ಇಟ್ಟ. ಎಲ್ಲಿಗೂ ಹೋಗಲಿಲ್ಲ.

"ಸೇತುವೆ ಎಲ್ಲಿ?" ಅಂದ.

ಅಧ್ಯಕ್ಷ ಗಾಬರಿಯಿಂದ ಪರದೆಯ ಕಡೆ ತಿರುಗಿ, ಮೈಕು ಇದೆ ಅನ್ನುವುದನ್ನೂ ಮರೆತು, "ಆ ಪ್ರಶ್ನೆ ಈಗ ಇಲ್ಲವಲ್ಲ?" ಅಂದುಬಿಟ್ಟ.

ದೇಶವೆಲ್ಲ ನಕ್ಕಿತು. ನಲವತ್ತು ಮೈಲಿ ಸುತ್ತಿಕೊಂಡು ಓಡಾಡುವ ಜನ ಮಾತ್ರ ನಗಲಿಲ್ಲ. ಆಮೇಲೆ ಏನು ಹೇಳಿದೆ ಅಂತ ಅಧ್ಯಕ್ಷನಿಗೇ ನೆನಪಿಲ್ಲ. ನದಿಗಳ ಬಗ್ಗೆ ಏನೋ ಹೇಳಿದನಂತೆ. ಟೈ ಮಾತ್ರ ಕೊನೆಯವರೆಗೂ ನೆಟ್ಟಗಿತ್ತು.

ಚುನಾವಣೆ ಆಯಿತು. ಆ ರಾಜ್ಯ ಹೋಯಿತು. ಅದರ ಜೊತೆಗೇ ಎಲ್ಲ ಹೋಯಿತು.

ಮನೆ ಖಾಲಿ ಮಾಡುವ ದಿನ ಪೆಟ್ಟಿಗೆಗಳ ಮಧ್ಯೆ ಅಧ್ಯಕ್ಷ ತಂತ್ರಗಾರನನ್ನು ಕರೆದ. ಬೈಯಲಿಲ್ಲ.

"ಕೇಳ್ತಾನೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಉತ್ತರಾನೂ ಗೊತ್ತಿತ್ತಾ?"

ತಂತ್ರಗಾರ ಚೀಟಿ ತೆಗೆದು ಕೊಟ್ಟ. ಅಧ್ಯಕ್ಷ ಮೂರೂ ಸಾಲು ಓದಿದ. ಇನ್ನೊಂದು ಸಲ ಓದಿದ. "ಇದನ್ನ ನಾನು ಹೇಳಬಹುದಾಗಿತ್ತು," ಅಂದ. ಆಮೇಲೆ, "ಯಾಕೆ ಕೊಡಲಿಲ್ಲ?" ಅಂದ.

"ನಿಮಗೆ ನೋವಾಗಬಾರದು ಅಂತ ಸಾರ್."

"ಈಗ?" ಅಂದ ಅಧ್ಯಕ್ಷ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ. "ಆ ತಂತ್ರಗಾರ ಕೆಟ್ಟವನಲ್ಲ ಅಲ್ಲವೇ ಗುರುಗಳೇ?"

"ಅಲ್ಲವೇ ಅಲ್ಲ. ಬಹಳ ಒಳ್ಳೆಯವನು. ಆ ಆರು ಜನವೂ ಒಳ್ಳೆಯವರೇ. ಅಷ್ಟು ಜನ ಒಳ್ಳೆಯವರನ್ನು ಒಂದೇ ಕಡೆ ಕಂಡಿದ್ದು ಕಡಿಮೆ."

ಶಿಷ್ಯನಿಗೆ ಮನಸ್ಸು ತುಂಬಿ ಬಂತು. ಕೈ ಮುಗಿದು, "ಕತೆ ಬಹಳ ಚೆನ್ನಾಗಿತ್ತು ಗುರುಗಳೇ," ಅಂದ.

"ಅದು ಇರಲಿ. ಹೇಳೋವಾಗ ನಾನು ಎಲ್ಲೆಲ್ಲಿ ತಪ್ಪಿದೆ, ಅದನ್ನ ಹೇಳು," ಅಂದರು ಗುರುಗಳು.