ಹೂಂ ಎಂದವರ ದೋಣಿ

ಅಂಬುಜಾಕ್ಷಮ್ಮನವರ ಹಳೆಯ ದಿನಚರಿಯಲ್ಲಿ 1997ರ ಜುಲೈ 14, ಸೋಮವಾರದ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: "ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳದವಳಿಗೂ ನಿರ್ಣಯದಲ್ಲಿ ಪಾಲು ಉಂಟೇ?"

ಕೇಳಿದವಳು ಪ್ರಮೀಳಾ. ಕಾಲೇಜಿನಲ್ಲಿ ಅಂಬುಜಾಕ್ಷಮ್ಮನವರ ಶಿಷ್ಯೆಯಾಗಿದ್ದವಳು. ಆ ಹೊತ್ತಿಗೆ ಪಟ್ಟಣ ಪಂಚಾಯಿತಿಯ ಸದಸ್ಯೆ. ಊರಿನ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನು ಪರೀಕ್ಷೆ ಮಾಡಿಸದೆಯೇ ಹೊಸ ವರ್ತಕನಿಂದ ಕೊಳ್ಳುವುದೆಂದು ಕಳೆದ ಸಭೆಯಲ್ಲಿ ತೀರ್ಮಾನವಾಗಿತ್ತು. ನಡಾವಳಿಯಲ್ಲಿ 'ಸರ್ವಾನುಮತ' ಎಂದು ಬರೆದಿದ್ದರು. ಮರುದಿನದ ಸಭೆಯಲ್ಲಿ ಅದನ್ನು ಓದಿ ಖಾಯಂ ಮಾಡುವುದಿತ್ತು. ಅದರ ಹಿಂದಿನ ಸಂಜೆ ಪ್ರಮೀಳಾ ಗುರುಗಳ ಮನೆಗೆ ಬಂದಿದ್ದಳು.

"ನಾನು ಸುಮ್ಮನೆ ಕೂತಿದ್ದೆ ಅಷ್ಟೆ, ಅಮ್ಮ. ಮನೆಯಲ್ಲಂತೂ ನೀರು ಕಾಯಿಸಿ ಆರಿಸಿಯೇ ಮಕ್ಕಳಿಗೆ ಕೊಡುತ್ತಿದ್ದೇನೆ."

"ಒಂದು ಕತೆ ಹೇಳುತ್ತೇನೆ. ಹೂಂಗುಟ್ಟುತ್ತಿರು."

"ನಾನೇನು ಚಿಕ್ಕ ಮಗುವೇ?"

"ಹೂಂಗುಟ್ಟುವವರಿಲ್ಲದಿದ್ದರೆ ಕತೆಗೇ ನಿದ್ದೆ ಬರುತ್ತದೆ. ಹೂಂ ಅನ್ನು."

"ಹೂಂ," ಎಂದಳು ಪ್ರಮೀಳಾ, ನಗುತ್ತ.

ಅಂಬುಜಾಕ್ಷಮ್ಮ ಹೇಳಿದ ಕತೆ ಇದು.

ಹೊಳೆಯ ದಡದಲ್ಲಿ ಒಂದು ಊರಿತ್ತು. ಊರಿನ ಕೆಲಸಗಳನ್ನು ಐದು ಜನ ಪಂಚರು ಕೂತು ತೀರ್ಮಾನಿಸುತ್ತಿದ್ದರು. ಅವರಲ್ಲಿ ಒಬ್ಬ ರೈತ. ಅವನ ಮಗಳನ್ನು ಆಚೆ ದಡದ ಮನೆಗೆ ಕೊಟ್ಟಿತ್ತು. ಅವಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕಿತ್ತು.

ಊರಿನ ದೋಣಿ ಹಳತಾಗಿತ್ತು. ಹೊಸದನ್ನು ಮಾಡಿಸಲು ಪಂಚರು ಸೇರಿದರು. ಎಲ್ಲರಿಗಿಂತ ಅಗ್ಗಕ್ಕೆ ಹಲಗೆ ಕೊಡುತ್ತೇನೆಂದು ಒಬ್ಬ ವ್ಯಾಪಾರಿ ಬಂದ. ಶಾನುಭೋಗ ಕರಾರನ್ನು ಓದುತ್ತ ಹೋದ. ಸಾಲು ಮುಗಿದಾಗಲೆಲ್ಲ ಪಂಚರು ಹೂಂ ಎಂದರು. 'ತಳಕ್ಕೆ ಬೂರುಗದ ಹಲಗೆ' ಎಂಬ ಸಾಲು ಬಂತು. ಬೂರುಗ ನೀರು ಕುಡಿದು ಕೊಳೆಯುವ ಮರವೆಂದು ರೈತನಿಗೆ ಗೊತ್ತಿತ್ತು. ಓದು ಮುಗಿಯಲಿ, ಆಮೇಲೆ ಕೇಳೋಣ ಎಂದುಕೊಂಡು ಅವನೂ ಹೂಂ ಎಂದ. ಓದು ಮುಗಿಯುವ ಹೊತ್ತಿಗೆ ವ್ಯಾಪಾರಿ ತಾಂಬೂಲದ ತಟ್ಟೆ ಹಿಡಿದು ಬಂದ. ರೈತನ ಬಾಯಿ ತುಂಬಿತು. ಸಭೆ ಎದ್ದಿತು.

ಮಾರನೆಯ ದಿನ ರೈತ ಶಾನುಭೋಗನ ಮನೆಗೆ ಓಡಿದ.

"ಶಾನುಭೋಗರೇ, ಬೂರುಗಕ್ಕೆ ನಾನು ಒಪ್ಪಿಲ್ಲ."

"ಹೂಂ ಅಂದಿರಲ್ಲ ಗೌಡರೇ?"

"ಕೇಳಿಸುತ್ತಿದೆ ಎಂದು ಹೂಂ ಅಂದೆ."

"ನಿಮ್ಮ ಕಿವಿ ನೆಟ್ಟಗಿದೆಯೇ ಎಂದು ಸಭೆ ಕೇಳಿರಲಿಲ್ಲ. ಬೇಕಾದರೆ ಪಂಚರನ್ನು ಮತ್ತೆ ಸೇರಿಸಿ, ಎದ್ದುನಿಂತು ಹೇಳಿ."

ಎದ್ದುನಿಂತರೆ ಉಳಿದ ನಾಲ್ವರ ಮುಖ ನೋಡಬೇಕು. ವ್ಯಾಪಾರಿಯ ಅಡಿಕೆ ಜಗಿದ ಬಾಯಿಂದಲೇ ಅವನ ಹಲಗೆಯನ್ನು ಹಳಿಯಬೇಕು. ರೈತನಿಗೆ ಸಂಕೋಚವಾಯಿತು. ಸುಮ್ಮನೆ ಮನೆಗೆ ಬಂದ.

ದೋಣಿ ನೀರಿಗಿಳಿಯಿತು. ರೈತನ ನಿದ್ದೆ ಹಾರಿತು. ಬೆಳಗಾದರೆ ದಡಕ್ಕೆ ಹೋಗಿ ದೋಣಿ ಎಷ್ಟು ಮುಳುಗಿ ಸಾಗುತ್ತಿದೆ ಎಂದು ನೋಡುತ್ತಿದ್ದ. ಸಂತೆಗೆ ಹೊರಟವರು 'ಏನು ಗೌಡ್ರೇ, ಹೊಳೆಯನ್ನು ಯಾರಾದರೂ ಕದ್ದೊಯ್ಯುತ್ತಾರೆಂದು ಕಾವಲೋ?' ಎಂದು ಗೇಲಿ ಮಾಡುತ್ತಿದ್ದರು. ದೋಣಿಯ ತಳದ ವಿಷಯ ಬಿಟ್ಟು ಅವನು ಮಳೆಯ ಮಾತು ತೆಗೆಯುತ್ತಿದ್ದ. ಕೊನೆಗೆ ಮಗಳಿಗೆ ಮಾತ್ರ ಹೇಳಿಕಳುಹಿಸಿದ: 'ನೀನು ದೋಣಿ ಹತ್ತಬೇಡ ತಾಯಿ. ಹೊಳೆ ಇಳಿದ ಮೇಲೆ ಬಾ.' ಮಗಳು ಆಚೆ ದಡದಲ್ಲೇ ಉಳಿದಳು. ಮಗಳನ್ನು ತಡೆದೆನಲ್ಲ, ಅಷ್ಟು ಸಾಕು ಎಂದು ರೈತ ಸಮಾಧಾನ ಪಟ್ಟುಕೊಂಡ.

"ಹೂಂ," ಎಂದಳು ಪ್ರಮೀಳಾ.

ಹೊಳೆ ಇಳಿಯುವ ಮೊದಲೇ ಮಗಳಿಗೆ ನೋವು ಶುರುವಾಯಿತು. ಆಚೆ ದಡದಲ್ಲಿ ಸೂಲಗಿತ್ತಿ ಇರಲಿಲ್ಲ. ಅಂಬಿಗ ದೋಣಿ ತಂದು ಈಚೆ ದಡದ ಸೂಲಗಿತ್ತಿಯನ್ನು ಕರೆದ. ಸುದ್ದಿ ಕೇಳಿ ರೈತ ಹೊಲದಿಂದ ಓಡಿ ಬರುವಷ್ಟರಲ್ಲಿ ಸೂಲಗಿತ್ತಿ ದೋಣಿ ಹತ್ತಿಯಾಗಿತ್ತು. ದಡದಲ್ಲಿ ನಿಂತು ರೈತ ಕೂಗಿದ. ನೀರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ನಡುಹೊಳೆಯಲ್ಲಿ ತಳದ ಹಲಗೆ ಬಿಟ್ಟುಕೊಂಡಿತು.

"ದೋಣಿ ಹೋಯಿತು," ಎಂದರು ಅಂಬುಜಾಕ್ಷಮ್ಮ. "ಅಂಬಿಗ ಈಜಿ ಬದುಕಿದ. ಸೂಲಗಿತ್ತಿ ಹೋದಳು. ರೈತನ ಮಗಳು ಉಳಿದಳು, ಮಗು ಉಳಿಯಲಿಲ್ಲ. ಆ ವರ್ಷ ಊರಿನ ಬಸುರಿಯರಿಗೆಲ್ಲ ಯಾರನ್ನು ಕರೆಯುವುದೆಂದು ತಿಳಿಯದಾಯಿತು."

ಪ್ರಮೀಳಾ ಕೇಳಿದಳು: "ನನ್ನ ಪ್ರಶ್ನೆಗೆ ಉತ್ತರ, ಅಮ್ಮ?"

"ಮಗಳನ್ನು ತಡೆದದ್ದು ಸಾಕು ಎಂದು ರೈತ ಅಂದುಕೊಂಡಾಗ ನೀನು ಹೂಂ ಎಂದೆಯಲ್ಲ, ಅದನ್ನು ನಾನು ಏನೆಂದು ಬರೆದುಕೊಳ್ಳಲಿ?"