ಮೂರು ಮಂಕರಿ ಉಣ್ಣೆ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಹುಟ್ಟಿರದ ಕಾಲದಲ್ಲಿ, ಕುರಿ ಕಾಯೋರ ಒಂದು ಹಟ್ಟೀಲಿ ಬೊಮ್ಮಕ್ಕ ಅಂತ ಒಬ್ಬ ಹುಡುಗಿ ಇದ್ಲಂತೆ. ಮೂರು ವರ್ಷದವಳಿದ್ದಾಗ್ಲೇ ಅಪ್ಪ ಅವ್ವ ಇಬ್ರೂ ತೀರ್ಕೊಂಡು, ಅಣ್ಣನ ಮನೇಲಿ ಬೆಳೆದ್ಲಂತೆ. ಅಣ್ಣ ಕುರಿ ಹೊಡ್ಕೊಂಡು ಹೊರಟ್ರೆ ಆರು ತಿಂಗಳು ಊರ ಕಡೆ ತಲೆ ಹಾಕ್ತಿರಲಿಲ್ಲ, ಮನೇಲಿ ಇರ್ತಿದ್ದವಳು ಅತ್ತಿಗೆ ಕೆಂಚವ್ವ. ಆ ಕೆಂಚವ್ವನ ಬಾಯಿಂದ ಒಂದು ಒಳ್ಳೆ ಮಾತು ಬಂದಿದ್ದನ್ನ ಕೇಳಿದೋರೇ ಇಲ್ಲ. ತಲೆ ಬಾಚಿದ್ರೆ ಕಣ್ಣಲ್ಲಿ ನೀರು ಬರೋ ಹಾಗೆ ಬಾಚೋಳು, ಮುದ್ದೆ ಬಡಿಸಿದ್ರೆ ತಟ್ಟೆ ಕುಕ್ಕಿ ಬಡಿಸೋಳು, ನೂಲು ಒಂಚೂರು ದಪ್ಪ ಆದ್ರೆ ಕಿತ್ತು ಮತ್ತೆ ನೂಲಿಸೋಳು. ಯಾಕೆ ನಗ್ತೀಯ, ನಿಮ್ಮಮ್ಮನೂ ಹಾಗೇ ಬಾಚ್ತಾಳಾ? ಸುಮ್ನೆ ಕೇಳು.

ಆಮೇಲೆ ಬೊಮ್ಮಕ್ಕ ದೊಡ್ಡವಳಾಗಿ, ಪಕ್ಕದ ಹಟ್ಟಿಯ ಈರಣ್ಣನ ಜೊತೆ ಮದುವೆ ಮಾತಾಯ್ತಂತೆ. ಅವಳಿಗೂ ಅವನ ಮೇಲೆ ಮನಸ್ಸಿತ್ತು. ಆದ್ರೆ ಆ ಸೀಮೇಲಿ ಒಂದು ಪದ್ಧತಿ. ಮದುವಣಗಿತ್ತಿ ಹೊದ್ಕೊಂಡು ಹೋಗೋ ಕಂಬಳಿಗೆ ತನ್ನ ಮನೆ ಉಣ್ಣೆ ಹಾಕೋ ಹಾಗಿಲ್ಲ. ತನ್ನನ್ನ ಪ್ರೀತಿ ಮಾಡೋ ಮೂರು ಮನೆಗೆ ಹೋಗಿ, ಮನೆಗೊಂದು ಮಂಕರಿ ಬುಟ್ಟಿ ತುಂಬ ಉಣ್ಣೆ ಕೇಳಿ ತರ್ಬೇಕು. ಮೂರು ಮನೆ ಸಿಗದೆ ಹೋದ್ರೆ, ಈ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಗಂಡಿನ ಕಡೆಯೋರು ತಾಂಬೂಲ ವಾಪಸ್ ಕೊಟ್ಟು ಹೋಗಿಬಿಡೋರಂತೆ.

ಬೊಮ್ಮಕ್ಕ ಕಟ್ಟೆ ಮೇಲೆ ಕೂತು ಯೋಚನೆ ಮಾಡಿದ್ಲಂತೆ. ನನ್ನನ್ನ ಪ್ರೀತಿ ಮಾಡೋರು ಯಾರು? ಪ್ರೀತಿ ಅಂದ್ರೆ ಕಂಡ ಕೂಡಲೇ ಬಾರೇ ನನ್ನ ಬಂಗಾರ ಅನ್ನೋದು, ತಲೆ ಸವರೋದು, ಹತ್ರ ಕೂರಿಸ್ಕೊಳ್ಳೋದು. ಹಾಗಾದ್ರೆ ನಮ್ಮನೇಲಿ ಅದು ಇಲ್ಲವೇ ಇಲ್ಲ, ಹೊರಗೆ ಮೂರು ಕಡೆ ಇದೆ. ಹೀಗಂದ್ಕೊಂಡು ಮಂಕರಿ ತಗೊಂಡು ಹೊರಟ್ಲಂತೆ.

ಮೊದ್ಲು ಸೋದರತ್ತೆ ಮನೆಗೆ ಹೋದ್ಲಂತೆ. ಸೋದರತ್ತೆ ತಬ್ಕೊಂಡು, ನನ್ನ ತಮ್ಮನ ಕಣ್ಣೇ ನಿನ್ನ ಕಣ್ಣು ಅಂತ ಅತ್ತು, ಉಣ್ಣೆ ಅಂದ ಕೂಡಲೇ ಕಣ್ಣೊರೆಸ್ಕೊಂಡು, ಈ ಸಲ ಮಗನ ಕಂಬಳಿಗೇ ಸಾಲ್ದು ಕಣವ್ವ ಅಂದ್ಲಂತೆ. ಆಮೇಲೆ ದೊಡ್ಡಪ್ಪನ ಮನೆ. ಅವನು ಬೊಮ್ಮಕ್ಕನ ಅಪ್ಪನ ಕತೆನೆಲ್ಲ ಹೇಳಿ, ಬೆಲ್ಲ ಕೊಟ್ಟು, ಇನ್ನೂ ಉಣ್ಣೆ ಕತ್ತರಿಸಿಲ್ವಲ್ಲ ಮಗಳೇ ಅಂದ. ಉಣ್ಣೆ ಕತ್ತರಿಸಿದ ಕುರಿಗಳು ಅಂಗಳದಲ್ಲೇ ಬೋಳಾಗಿ ನಿಂತಿದ್ವಂತೆ. ಮೂರನೇದು ಗೆಳತಿ ಸಣ್ಣೀರಿ ಮನೆ. ಅಲ್ಲಿ ಬಾಗಿಲಲ್ಲೇ ಅವಳತ್ತೆ ನಿಂತಿದ್ಲು, ಸಣ್ಣೀರಿ ತಲೆನೇ ಎತ್ತಲಿಲ್ಲ.

ಖಾಲಿ ಮಂಕರಿ ಹೊತ್ಕೊಂಡು ಮನೆಗೆ ಬರೋವಾಗ ಅವಳಿಗೆ ಒಂದೇ ಯೋಚನೆಯಂತೆ. ಮದುವೆ ಹೋದ್ರೆ ಹೋಗ್ಲಿ, ಇಷ್ಟು ದೊಡ್ಡ ಭೂಮಿ ಮೇಲೆ ನಾನು ಯಾರಿಗೂ ಬೇಡವಾ ಅಂತ. ಅತ್ತಿಗೆ ಮಂಕರಿ ನೋಡಿದ್ಲು. ಹೊಸಿಲಿಗೆ ಅಡ್ಡ ನಿಂತ್ಕೋಬೇಡ, ನೀರು ತಗೊಂಡು ಬಾ ಅಂದ್ಲಂತೆ.

ಎರಡು ದಿನ ಆದ್ಮೇಲೆ ನೋಡು, ಸೋದರತ್ತೇನೇ ಕರೆದು ಮಂಕರಿ ತುಂಬ ಉಣ್ಣೆ ಕೊಟ್ಲಂತೆ. ಮಾರನೇ ದಿನ ದೊಡ್ಡಪ್ಪ. ಅದರ ಮಾರನೇ ದಿನ ಸಣ್ಣೀರಿ. ಮೂವರೂ ಮುಖ ಕೊಟ್ಟು ಮಾತಾಡಲಿಲ್ಲ, ಆದ್ರೂ ಬೊಮ್ಮಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ಉಣ್ಣೆ ಬಿಡಿಸೋಕೆ ಕೂತ್ಲಂತೆ. ಊರೂರು ಅಲೆಯೋ ಕುರಿ ಉಣ್ಣೇಲಿ ಮುಳ್ಳು, ಉತ್ತರಾಣಿ ಬೀಜ ಎಲ್ಲ ಸಿಕ್ಕಿಕೊಂಡಿರುತ್ತೆ, ಅದನ್ನ ಆರಿಸಿ ಆರಿಸಿ ಬೆರಳು ತೂತಾಗುತ್ತೆ. ಮೊದಲನೇ ಮಂಕರೀಲಿ ಒಂದು ಮುಳ್ಳೂ ಇಲ್ಲ. ಎರಡನೇದರಲ್ಲೂ ಇಲ್ಲ. ಮೂರನೇದರಲ್ಲೂ ಮುಳ್ಳು ಸಿಗದೆ, ಕೈ ಆಡಿಸ್ತಾ ಆಡಿಸ್ತಾ ಅವಳ ಕೈ ಹಾಗೇ ನಿಂತುಬಿಡ್ತಂತೆ. ಇಡೀ ಹಟ್ಟೀಲಿ ಮೇಯೋಕೆ ಹೋಗದೆ ಇರೋ ಕುರಿ ಒಂದೇ ಒಂದು. ಅತ್ತಿಗೆ ತವರಿಂದ ತಂದ ಕುಂಟು ಕುರಿ, ಹಿತ್ತಲಲ್ಲೇ ಸೊಪ್ಪು ತಿಂದ್ಕೊಂಡು ಬಿದ್ದಿರೋದು. ತನ್ನ ಹರಿದ ಕಂಬಳಿ ಬದಲು ಹೊಸದು ಮಾಡ್ಕೋಬೇಕು ಅಂತ ಕೆಂಚವ್ವ ನಾಲ್ಕು ವರ್ಷದಿಂದ ಅದರ ಉಣ್ಣೆ ಅಟ್ಟದ ಮೇಲೆ ಕೂಡಿಡ್ತಿದ್ಲು. ಬೊಮ್ಮಕ್ಕ ಅಟ್ಟ ಹತ್ತಿ ನೋಡಿದ್ರೆ ಚೀಲ ಖಾಲಿ. ಊರಿಗೆಲ್ಲ ನೂಲೋದು ಕಲಿಸಿದ ಹೆಂಗಸು, ನಾಲ್ಕು ಮುಳ್ಳು ಬೆರೆಸೋಕೆ ಮರೆತುಬಿಟ್ಟಿದ್ಲು ನೋಡು.

ಅಷ್ಟರಲ್ಲಿ ಮೂರು ಮನೆ ಉಣ್ಣೆ ಹೌದಾ ಅಂತ ಮುಟ್ಟಿ ನೋಡೋಕೆ ಗಂಡಿನ ಕಡೆಯಿಂದ ಈರಣ್ಣನ ಅಜ್ಜಿ ಬಂದೇಬಿಟ್ಲಂತೆ. ಆ ಮುದುಕಿಗೆ ಕಣ್ಣಿಲ್ಲ, ಆದ್ರೆ ಬೆರಳಿಗೆ ಎಲ್ಲ ಗೊತ್ತಾಗೋದು. ಹಟ್ಟಿ ಜನ ಎಲ್ಲ ಸೇರಿದ್ರು. ಮುದುಕಿ ಮೂರೂ ಮಂಕರೀಲಿ ಕೈ ಹಾಕಿ, ಇದೆಲ್ಲ ಒಂದೇ ಕುರೀದು, ಮೂರು ಮನೆ ಎಲ್ಲಿ ಅಂದ್ಲಂತೆ. ಸೋದರತ್ತೆ, ದೊಡ್ಡಪ್ಪ, ಸಣ್ಣೀರಿ ಮೂವರೂ ನೆಲ ನೋಡಿದ್ರು. ಸುಳ್ಳು ಹೇಳಿದ್ರೆ ಮದುವೆ ಉಳಿಯುತ್ತೇನೋ, ನಿಜ ಹೇಳಿದ್ರೆ ಹೋಗುತ್ತೆ. ಬೊಮ್ಮಕ್ಕ ಎದ್ದು ನಿಂತು, ಮೂರು ಮನೆ ಇಲ್ಲ ಅಜ್ಜಿ, ಮನೆ ಒಂದೇ, ಅದೂ ನಮ್ಮನೇನೇ, ನನಗೆ ಈವತ್ತಿನವರೆಗೂ ಗೊತ್ತಿರಲಿಲ್ಲ ಅಂದ್ಲಂತೆ.

ಮುದುಕಿ ಕೆಂಚವ್ವನ ಕಡೆ ತಿರುಗಿ, ಕೊಡೋದಾದ್ರೆ ನೇರವಾಗಿ ಕೊಡದೆ ಯಾಕೆ ಬಚ್ಚಿಟ್ಟು ಕೊಟ್ಟೆ ಅಂತ ಕೇಳಿದ್ಲಂತೆ. ಕೆಂಚವ್ವ, ನಮ್ಮನೆ ಉಣ್ಣೆ ಹಾಕೋ ಹಾಗಿಲ್ವಲ್ಲ ಅಂದ್ಲು. ಮದುವೆಗೋಸ್ಕರ ಅಷ್ಟೇ ಅಲ್ಲ ಅಂದ್ಲು. ನಾನೇನು ಶಾಶ್ವತಾನ? ನಾಳೆ ನಾನು ಸತ್ರೆ ಇವಳು ತವರು ಅಂತ ಯಾವ ಬಾಗಿಲಿಗೆ ಬರ್ಬೇಕು? ಮೂರು ಬಾಗಿಲು ನಂದೇ ಅಂದ್ಕೊಂಡು ಹೋಗ್ಲಿ ಅಂತ ಅವರ ಕೈಲಿ ಕೊಡಿಸ್ದೆ. ನನ್ನ ಹೆಸರು ಯಾತಕ್ಕೆ ಅಂದ್ಲಂತೆ.

ಮುದುಕಿ ತಡವರಿಸ್ಕೊಂಡು ಹೋಗಿ ಕೆಂಚವ್ವನ ಕೈ ಹಿಡಿದು, ಇವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಅನ್ನೋ ಹಾಗಿಲ್ಲ, ಮೂರು ಮಂಕರೀನೂ ಲೆಕ್ಕಕ್ಕೆ ಬಂತು, ಮಗ್ಗ ಹೂಡಿ ಅಂದ್ಲಂತೆ.

ಆಮೇಲೆ ಮದುವೆ ಆಯ್ತು. ಆ ಮೂರು ಮನೆಯೋರಿಗೂ ನಾಚಿಕೆಯಾಗಿ ಒಂದೊಂದು ಮಂಕರಿ ತಮ್ಮ ಉಣ್ಣೆ ತಂದುಕೊಟ್ರಂತೆ, ಎಲ್ಲಾ ಮುಳ್ಳೇ ಮುಳ್ಳು. ಬೊಮ್ಮಕ್ಕ ಗಂಡನ ಮನೇಲಿ ಕೂತು, ಬೆರಳಲ್ಲಿ ರಕ್ತ ಬಂದ್ರೂ ಬಿಡದೆ ಒಂದೊಂದೇ ಮುಳ್ಳು ಆರಿಸಿ, ನೂತು, ನೇಯ್ದು, ಅತ್ತಿಗೆಗೆ ಹೊಸ ಕಂಬಳಿ ತಂದು ಹೊದಿಸಿದ್ಲಂತೆ. ಕೆಂಚವ್ವ ಅದರ ಅಂಚನ್ನ ತುಂಬಾ ಹೊತ್ತು ಸವರಿ ನೋಡಿ, ಸೊಟ್ಟ ನೇಯ್ದಿದ್ದೀಯಲ್ಲೇ ಅಂದ್ಲಂತೆ. ಅಂದವಳು ಸಾಯೋವರೆಗೂ ಆ ಕಂಬಳಿನ ಮೈಮೇಲಿಂದ ಇಳಿಸಲಿಲ್ಲವಂತೆ.

ಅವರು ಅಲ್ಲಿ ಚೆನ್ನಾಗಿದ್ರು, ನಾವು ಇಲ್ಲಿ ಚೆನ್ನಾಗಿದ್ದೀವಿ, ಕತೆ ಮುಗೀತು, ಕಣ್ಮುಚ್ಚು ಇನ್ನ.