ದರ್ಜಿ ಕೇಳಹೋದ ದನಿ

"ಗುರುಗಳೇ, ನಮ್ಮಲ್ಲಿ ಇದ್ದು ಹೋದವರು ಆಮೇಲೆ ಏನಾದರು ಎಂದು ತಿಳಿಯಬೇಕೆನ್ನಿಸುವುದು ತಪ್ಪೇ?" ಎಂದು ಮರುಳಸಿದ್ಧ ಕೇಳಿದ.

ಮಠದ ಛತ್ರವನ್ನು ನೋಡಿಕೊಳ್ಳುವ ಕೆಲಸ ಅವನದು. ದೊಡ್ಡಾಸ್ಪತ್ರೆಗೆ ದೂರದೂರುಗಳಿಂದ ಬಂದವರು ಚಿಕಿತ್ಸೆ ಮುಗಿಯುವವರೆಗೆ ಆ ಛತ್ರದಲ್ಲಿ ಇಳಿದುಕೊಳ್ಳುತ್ತಿದ್ದರು. ನಾಲ್ಕು ವರ್ಷಗಳಲ್ಲಿ ಎಷ್ಟೋ ಸಂಸಾರಗಳು ಬಂದು ಹೋಗಿದ್ದವು. ಹೋದವರಲ್ಲಿ ಒಬ್ಬರೂ ತಿರುಗಿ ಬಂದು, ಹೀಗಾಯಿತು ಎಂದು ಹೇಳಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ದರ್ಜಿ ಇದ್ದ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅವನ ಮನೆ. ಮುಂದೆ ಹೊಲಿಗೆ ಅಂಗಡಿ, ನಡುವೆ ಅವನೂ ಅವನ ಹೆಂಡತಿಯೂ ಇರುವ ಜಾಗ, ಹಿತ್ತಿಲ ಕಡೆಗೆ ಒಂದು ಕೋಣೆ. ಆ ಕೋಣೆಯಲ್ಲಿ ಬಟ್ಟೆಯ ಗಂಟುಗಳನ್ನು ಒಟ್ಟಿದ್ದ.

ಒಂದು ಬೆಳಗ್ಗೆ ಒಬ್ಬ ಕುರಿಗಾಹಿ ಬಂದು ಅಂಗಡಿಯ ಮುಂದೆ ನಿಂತ. ಜೊತೆಗೆ ಅವನ ಹೆಂಡತಿ. ಅವಳು ಕೊರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಅಣ್ಣಾ, ಈ ಕಡೆ ಎಲ್ಲಾದರೂ ಇರಲಿಕ್ಕೆ ಜಾಗ ಸಿಕ್ಕೀತೇ? ಇವಳ ಗಂಟಲಲ್ಲಿ ಗಡ್ಡೆ. ಎರಡು ತಿಂಗಳು ದಿನವೂ ಬಂದು ಗಡ್ಡೆ ಸುಡುವ ಕರೆಂಟು ಕೊಡಿಸಿಕೊಂಡು ಹೋಗಬೇಕಂತೆ. ವಾರ್ಡಿನಲ್ಲಿ ಹಾಸಿಗೆ ಇಲ್ಲವಂತೆ. ನಮ್ಮೂರು ಇಲ್ಲಿಂದ ಒಂದು ಹಗಲಿನ ದಾರಿ."

ಅವರು ಮೂರು ದಿನದಿಂದ ಅಲೆಯುತ್ತಿದ್ದರು. ಲಾಡ್ಜಿನವನು ರೋಗಿ ಎಂದು ತಿಳಿದ ಕೂಡಲೇ ರೂಮು ಖಾಲಿ ಇಲ್ಲವೆಂದಿದ್ದ. ಬಾಡಿಗೆಗೆ ಮನೆಯಿದೆ ಎಂದು ಬೋರ್ಡು ಹಾಕಿದ್ದ ಒಬ್ಬರು ಅವಳ ಕೊರಳ ಬಟ್ಟೆ ನೋಡಿ, "ಅಂಟುಜಾಡ್ಯವೇ?" ಎಂದು ಕೇಳಿ, ಅವನು ಬಾಯಿ ತೆರೆಯುವ ಮೊದಲೇ ಕದ ಹಾಕಿಕೊಂಡಿದ್ದರು. ಆಸ್ಪತ್ರೆಯ ಜಗಲಿಯಲ್ಲಿ ಮಲಗಿದರೆ ಕಾವಲಿನವನು ಎಬ್ಬಿಸುತ್ತಿದ್ದ.

"ಇವತ್ತೊಂದು ದಿನ ನೋಡುತ್ತೇನೆ. ಸಿಗದಿದ್ದರೆ ಊರಿಗೆ ಹೊರಟುಬಿಡುತ್ತೇವೆ" ಎಂದ ಕುರಿಗಾಹಿ. ಊರಿಗೆ ಹೊರಡುವುದೆಂದರೆ ಏನೆಂದು ಕೇಳಿದವರಿಗೂ ಗೊತ್ತಿತ್ತು, ಹೇಳಿದವನಿಗೂ ಗೊತ್ತಿತ್ತು.

ದರ್ಜಿ ತನ್ನ ಹೆಂಡತಿಯ ಮುಖ ನೋಡಿದ. ಆಕೆ ಹಿತ್ತಿಲ ಕೋಣೆಗೆ ಹೋಗಿ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಹೊರಗೆ ತರತೊಡಗಿದಳು.

ಅವರು ಎರಡು ತಿಂಗಳ ಮೇಲೆ ಹತ್ತು ದಿನ ಆ ಕೋಣೆಯಲ್ಲಿದ್ದರು. ಕುರಿಗಾಹಿಯ ಹೆಂಡತಿಗೆ ದನಿ ಹೋಗಿ ಆಗಲೇ ಆರು ತಿಂಗಳಾಗಿತ್ತು. ಉಸಿರಿನಲ್ಲಿ ಕೂಡ ಮಾತು ಹೊರಡುತ್ತಿರಲಿಲ್ಲ. ಬಂದರೆ ಬಂತು, ಹೇಳಲಾಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಂಗಡಿಯಲ್ಲಿ ಕುಳಿತು ರವಿಕೆಗಳಿಗೆ ಹುಕ್ಕು ಹಾಕಿಕೊಡುತ್ತಿದ್ದಳು. ದರ್ಜಿಯನ್ನು ಕರೆಯಬೇಕಾದರೆ ಹಲಗೆಯ ಮೇಲೆ ಕತ್ತರಿಯಿಂದ ಎರಡು ಸಲ ಕುಟ್ಟುವಳು. ನಗು ಬಂದರೆ ಭುಜ ಮಾತ್ರ ಕುಣಿಯುವುದು.

ದರ್ಜಿಗೆ ಒಂದು ಕುತೂಹಲ ಹುಟ್ಟಿಕೊಂಡಿತು. ಈ ಹೆಂಗಸಿನ ದನಿ ಹೇಗಿದ್ದೀತು?

"ಮೈಕಟ್ಟು ಸಣ್ಣದು. ಕೊಳಲಿನ ಹಾಗೆ ಇದ್ದಿರಬೇಕು" ಎಂದ ಹೆಂಡತಿಗೆ.

"ಇಡೀ ಹಿಂಡನ್ನು ಕೂಗಿ ಕರೆಯುವವಳು. ಗಂಟೆಯ ಹಾಗೆ ಇದ್ದಿರಬೇಕು" ಎಂದಳು ಅವಳು.

ಕುರಿಗಾಹಿಯನ್ನು ಕೇಳಬಹುದಿತ್ತು. ಆದರೆ ಹೆಂಡತಿಯ ದನಿಯ ಮಾತೆತ್ತಿದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ. ದರ್ಜಿ ಕೇಳಲಿಲ್ಲ. ಅವರು ಹೊರಡುವ ದಿನದವರೆಗೂ ದನಿ ಬರಲಿಲ್ಲ. ಅವಳು ದರ್ಜಿಯ ಹೆಂಡತಿಯನ್ನು ತಬ್ಬಿಕೊಂಡು ಅತ್ತಳು, ಸದ್ದಿಲ್ಲದೆ. "ಸುದ್ದಿ ಕಳಿಸುತ್ತೇವೆ" ಎಂದು ಕುರಿಗಾಹಿ ಹೇಳಿಹೋದ.

ಬಟ್ಟೆಯ ಗಂಟುಗಳು ಮತ್ತೆ ಆ ಕೋಣೆಗೆ ಹೋಗಲಿಲ್ಲ. ದರ್ಜಿಯ ಮನೆಯಲ್ಲಿ ಜಾಗ ಕೊಡುತ್ತಾರಂತೆ ಎಂದು ಬಾಯಿಂದ ಬಾಯಿಗೆ ಹೋಯಿತು. ಒಂದು ಸಂಸಾರ ಹೊರಟರೆ ಇನ್ನೊಂದು ಬಂದು ಚಾಪೆ ಹಾಸಿತು. ಹೊರಡುವಾಗ ಎಲ್ಲರೂ ಸುದ್ದಿ ಕಳಿಸುತ್ತೇವೆ ಎಂದರು. ಯಾರೂ ಕಳಿಸಲಿಲ್ಲ. ಹೀಗೆ ಆರು ವರ್ಷವಾಯಿತು.

ಮೊದಮೊದಲು ದರ್ಜಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಬರಬರುತ್ತಾ ಅದು ಮುಳ್ಳಾಯಿತು. ಉಳಿದರೋ ಇಲ್ಲವೋ ಎಂಬುದಾದರೂ ಬೇಡವೇ? ಮೆಷಿನ್ನು ತುಳಿಯುತ್ತಾ ಕುಳಿತವನು ಥಟ್ಟನೆ ನಿಲ್ಲಿಸಿ ಬೀದಿಯನ್ನು ನೋಡುತ್ತಿದ್ದ.

ಕೊನೆಗೊಂದು ದಿನ ಹೆಂಡತಿಗೆ ಹೇಳಿದ: "ಕುರಿಗಾಹಿಯ ಊರಿಗೆ ಹೋಗಿಬರುತ್ತೇನೆ. ಅವರಿಗೂ ನಮ್ಮ ನೆನಪಿಲ್ಲ ಅಂತಾದರೆ, ಇನ್ನು ಈ ಕೋಣೆಯನ್ನು ಯಾರಿಗೂ ಕೊಡುವುದಿಲ್ಲ."

"ಹೋದವರು ಹೋದರು. ನಿಮಗೇಕೆ ಅದೆಲ್ಲ?" ಎಂದಳು ಅವಳು. ಆದರೂ ದಾರಿಗೆ ಬುತ್ತಿ ಕಟ್ಟಿಕೊಟ್ಟಳು.

ದರ್ಜಿ ಎರಡು ಬಸ್ಸು ಹತ್ತಿ ಇಳಿದು, ಒಂದು ಹರದಾರಿ ನಡೆದು, ಊರಿನ ಅಂಚಿಗೆ ಬಂದ. ಯಾರನ್ನಾದರೂ ದಾರಿ ಕೇಳೋಣವೆಂದು ನಿಂತಾಗ ಒಂದು ಬೇಲಿಯಾಚೆಯಿಂದ ಹೆಂಗಸೊಬ್ಬಳ ದನಿ ಕೇಳಿಸಿತು.

"ನಿನ್ನ ಹೋತ ಇನ್ನೊಂದು ಸಲ ನನ್ನ ಹರಿವೆ ಮಡಿಗೆ ನುಗ್ಗಲಿ. ಕಟ್ಟಿಹಾಕಿ, ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು ಅಂತ ಊರಿಗೆಲ್ಲಾ ಸಾರಿಬಿಡುತ್ತೇನೆ!"

ನೆರೆಮನೆಯವಳು ಏನೋ ಅಂದಳು. ಅದಕ್ಕೆ ಇವಳು ಮತ್ತೊಂದು ಅಂದಳು. ಒಡಕು ದನಿ, ಗಂಡಸಿನ ದನಿಯಷ್ಟು ದಪ್ಪ. ನಡುನಡುವೆ ಒಂದೊಂದು ಅಕ್ಷರ ನುಂಗಿಹೋಗುತ್ತಿತ್ತು. ಆದರೂ ಜಗಳದಲ್ಲಿ ಒಂದು ಮಾತನ್ನೂ ಬಿಟ್ಟುಕೊಡುತ್ತಿರಲಿಲ್ಲ. ದರ್ಜಿ ಬೇಲಿಯ ಸಂದಿನಲ್ಲಿ ಇಣುಕಿದ. ಕುರಿಗಾಹಿಯ ಹೆಂಡತಿಯೇ. ಕೊಳಲೂ ಅಲ್ಲ, ಗಂಟೆಯೂ ಅಲ್ಲ! ಅವನಿಗೆ ನಗು ಉಕ್ಕಿ ಬಂತು. ನಗುತ್ತಲೇ ತಡಿಕೆ ಸರಿಸಿ ಅಂಗಳಕ್ಕೆ ಕಾಲಿಟ್ಟ.

"ತಂಗೀ!" ಎಂದ.

ಅವಳು ತಿರುಗಿದಳು. ಆಡುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಕೈ ತಾನಾಗಿ ಕೊರಳಿಗೆ ಹೋಯಿತು. ಬಾಯಿ ತೆರೆದಳು, ಏನೂ ಹೊರಡಲಿಲ್ಲ. ಸರ್ರನೆ ಒಳಗೆ ಹೋಗಿಬಿಟ್ಟಳು.

ಕುರಿಗಾಹಿ ಹಟ್ಟಿಯ ಕಡೆಯಿಂದ ಓಡಿ ಬಂದ. ದರ್ಜಿಯ ಎರಡೂ ಕೈ ಹಿಡಿದುಕೊಂಡ. ಕಂಬಳಿ ಹಾಸಿ ಕೂರಿಸಿದ, ತಾನೇ ಒಳಗಿನಿಂದ ಮಜ್ಜಿಗೆ ತಂದುಕೊಟ್ಟ. ಒಳಗೆ ಪಾತ್ರೆಯ ಸದ್ದು ಕೂಡ ಇರಲಿಲ್ಲ.

"ಅಣ್ಣಾ, ತಪ್ಪು ತಿಳಿಯಬೇಡ" ಎಂದು ಕುರಿಗಾಹಿ ದನಿ ತಗ್ಗಿಸಿ ಹೇಳಿದ. "ಊರಿಗೆ ಬಂದು ಒಂದು ವರ್ಷಕ್ಕೆ ಮಾತು ಬಂತು. ಅವತ್ತಿನಿಂದ ಆ ಪಟ್ಟಣದ ಹೆಸರನ್ನೇ ಮನೆಯಲ್ಲಿ ಎತ್ತಗೊಡುವುದಿಲ್ಲ. ಅಲ್ಲಿ ಉಟ್ಟ ಸೀರೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಳು. ನಾನು ಎರಡು ಸಲ ನಿನ್ನಲ್ಲಿಗೆ ಹೊರಟವನು. ಎರಡು ಸಲವೂ ಇವಳು ಅನ್ನ ಬಿಟ್ಟು ಮಲಗಿದಳು. ನಿನ್ನ ಮೇಲೆ ಸಿಟ್ಟಿಲ್ಲಣ್ಣ. ನೀನು ಕಣ್ಣಿಗೆ ಬಿದ್ದರೆ ಆ ದಿನಗಳೇ ಎದ್ದು ಬಂದಂತೆ ಆಗುತ್ತದೆ ಅವಳಿಗೆ."

ದರ್ಜಿ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. ಉಣ್ಣದೆ ಹೋಗಬೇಡವೆಂದು ಕುರಿಗಾಹಿ ಬೇಡಿಕೊಂಡ. ದರ್ಜಿ ಬಸ್ಸಿನ ನೆವ ಹೇಳಿ ಎದ್ದ. ಅವನು ಅಂಗಳ ದಾಟುವಾಗ ಅವಳು ಹೊಸ್ತಿಲಿಗೆ ಬಂದಳು. ಕೈ ಮುಗಿದಳು. ತುಟಿ ಅಲುಗಿದವು, ಕಣ್ಣು ತುಂಬಿದವು. ಮಾತು ಬರಲಿಲ್ಲ.

"ಇರಲಿ ತಾಯಿ, ಒಳಗೆ ಹೋಗು" ಎಂದ ದರ್ಜಿ.

ಅದನ್ನೇ ನೆನೆಯುತ್ತಾ ಅವನು ದಾರಿ ಹಿಡಿದ. ಆರು ವರ್ಷ ನೆನೆದು ಬಂದವನಿಗೆ ಒಂದು ಮಾತಿಲ್ಲ. ನೆನಪಿಲ್ಲದೆ ಹೋಗಿದ್ದರೆ ಬೇಸರ ಪಟ್ಟುಕೊಳ್ಳಬಹುದಿತ್ತು. ನೆನಪಿದೆ. ಆ ನೆನಪೇ ಅವಳ ಗಂಟಲು ಹಿಡಿಯಿತು. ಇದಕ್ಕೆ ಯಾರ ಮೇಲೆ ಮುನಿಯುವುದು?

ಊರು ಅಷ್ಟು ದೂರ ಬಿದ್ದ ಮೇಲೆ ಹಿಂದಿನಿಂದ ಒಂದು ಕೂಗು ಕೇಳಿಸಿತು. ಅವಳು ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಅದೇ ಒಡಕು ದನಿ. ದರ್ಜಿ ಬಿಸಿಲಿನಲ್ಲಿ ನಿಂತ. ಆ ಕೂಗು ದಿನ್ನೆಯಾಚೆ ಇಳಿದು ಕೇಳದಾಗುವವರೆಗೆ ನಿಂತೇ ಇದ್ದ. ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಕಾದು ಕುಳಿತ.

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ಮಾತು ಬಂದಿದೆಯೇ?"

"ಬಂದಿದೆ."

"ನಿಮ್ಮ ಹತ್ತಿರ ಏನೆಂದಳು?"

"ನಾನು ಎದುರಿಗಿದ್ದರೆ ಆಡುವುದಿಲ್ಲ" ಎಂದ ದರ್ಜಿ. ನಡೆದದ್ದನ್ನೆಲ್ಲ ಹೇಳಿದ. ಆಕೆ ಅತ್ತಳು. ಹರಿವೆ ಮಡಿಯ ಜಗಳ ಕೇಳಿ ನಕ್ಕಳು.

ಕೆಲವು ದಿನ ಆ ಕೋಣೆ ಹಾಗೇ ಖಾಲಿ ಇತ್ತು. ಅದರಲ್ಲಿ ಗಂಟುಗಳನ್ನೂ ಇಡಲಿಲ್ಲ, ಯಾರನ್ನೂ ಇಳಿಸಲಿಲ್ಲ. ಆಮೇಲೆ ಒಬ್ಬ ಕಮ್ಮಾರ ತನ್ನ ಮಗಳನ್ನು ಹೊತ್ತುಕೊಂಡು ಬಂದ. ಹುಡುಗಿಗೆ ಮೂಳೆಯ ಕಾಯಿಲೆ, ಮೂರು ತಿಂಗಳ ಚಿಕಿತ್ಸೆ. ದರ್ಜಿ ಅವನನ್ನು ಏನೂ ಕೇಳದೆ ಕೋಣೆಯ ಬಾಗಿಲು ತೆರೆದ. ಮೂರು ತಿಂಗಳು ಕಳೆದು ಹೊರಡುವ ದಿನ ಕಮ್ಮಾರ, "ಇವಳು ನಡೆಯುವಂತಾದ ಮೇಲೆ ಕರೆತಂದು ನಿಮಗೆ ತೋರಿಸುತ್ತೇನೆ" ಎಂದ.

"ಬರಬೇಡಿ. ಚೆನ್ನಾಗಿರಿ" ಎಂದ ದರ್ಜಿ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಸಮಾಧಾನವಾಗಲಿಲ್ಲ.

"ಪಾಪ, ಅಷ್ಟು ದೂರ ಹೋಗಿಯೂ ಅವಳಿಂದ ಒಂದು ಮಾತು ಕೇಳದೆ ಬಂದನಲ್ಲ, ಗುರುಗಳೇ" ಎಂದ.

ಗುರುಗಳು ಹೇಳಿದರು: "ಅವಳು ಮಾತಾಡುತ್ತಿದ್ದಳಲ್ಲ, ಮರುಳಸಿದ್ಧ, ಅವನೊಡನೆಯೇ ಆಡಬೇಕಿತ್ತೇ?"